ಗೋಲಿನ ಕಪ್ಪು ಚಿರತೆ

ನಮ್ಮ ಶಾಲಾ ಮೈದಾನದಲ್ಲಿ ಓಡಲಾರದವರನ್ನು ಗೋಲಿನಲ್ಲಿ ನಿಲ್ಲಿಸುವುದು ವಾಡಿಕೆ. ಮೂರು ವರ್ಷ ಆ ಜಾಗ ನನ್ನದಾಗಿತ್ತು. ಅದಕ್ಕೇ ಇರಬೇಕು, ಗೋಲ್‌ಕೀಪರ್‌ಗಳ ಕಥೆ ಸಿಕ್ಕರೆ ಈಗಲೂ ಬಿಡುವುದಿಲ್ಲ. ಅವರಲ್ಲಿ ನನಗೆ ಅಚ್ಚುಮೆಚ್ಚು ನೆದರ್‌ಲೆಂಡ್ಸ್‌ನ ಫ್ರಾನ್ಸ್ ಡೆ ಮುಂಕ್.

ಅವರು ಹುಟ್ಟಿದ್ದು 1922ರಲ್ಲಿ, ಕಡಲತಡಿಯ ಜೀಲೆಂಡ್ ಪ್ರಾಂತದ ಹೂಸ್ ಪಟ್ಟಣದಲ್ಲಿ. ಕಪ್ಪು ಉಡುಪು, ಚಂಗನೆ ನೆಗೆತ. ಜನ ಕಪ್ಪು ಚಿರತೆ ಎಂದೇ ಕರೆದರು. 1949ರಲ್ಲಿ ರಾಷ್ಟ್ರೀಯ ತಂಡ ಸೇರಿದರು. ಆಗ ಆ ದೇಶದಲ್ಲಿ ಆಟಕ್ಕೆ ಸಂಬಳ ಪಡೆಯುವಂತಿರಲಿಲ್ಲ. 1950ರಲ್ಲಿ ಜರ್ಮನಿಯ ಕಲೋನ್ ಕ್ಲಬ್ಬಿಗೆ ಸಂಬಳಕ್ಕೆ ಹೋದದ್ದೇ ತಡ, ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತು. ನಾನೂ ಸಂಬಳಕ್ಕಾಗಿ ಊರು ಬಿಟ್ಟವನು. ಅದನ್ನು ತಪ್ಪೆನ್ನಲು ನನ್ನಿಂದಾಗದು.

1953ರ ಫೆಬ್ರವರಿ 1ರ ನಸುಕಿನಲ್ಲಿ ಬಿರುಗಾಳಿಗೆ ಸಮುದ್ರದ ಒಡ್ಡುಗಳು ಒಡೆದವು. ನೆದರ್‌ಲೆಂಡ್ಸ್‌ನಲ್ಲಿ 1,836 ಜನ ಸತ್ತರು. ಹೆಚ್ಚು ಪೆಟ್ಟು ಬಿದ್ದದ್ದು ಅವರ ಜೀಲೆಂಡಿಗೇ. ಹೊರದೇಶಗಳಲ್ಲಿ ಆಡುತ್ತಿದ್ದ ನಿಷೇಧಿತ ಆಟಗಾರರೆಲ್ಲ ಒಂದಾದರು. ಸಂತ್ರಸ್ತರ ನೆರವಿಗೆಂದು ಮಾರ್ಚ್ 12ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸ್ ತಂಡದ ಎದುರು ಆಡಿದರು. ಗೋಲಿನಲ್ಲಿ ಡೆ ಮುಂಕ್. ಮೊದಲ ಗೋಲು ಫ್ರಾನ್ಸಿನದು. ಆಮೇಲೆ ಡೆ ಹಾರ್ಡರ್, ಆಪೆಲ್ ಒಂದೊಂದು ಹೊಡೆದರು. 2–1! ಅಧಿಕೃತ ತಂಡವೋ, ಆ ವರ್ಷಗಳಲ್ಲಿ ಸೋಲುತ್ತಲೇ ಇತ್ತು.

ಮರುವರ್ಷವೇ ಅಲ್ಲಿ ಸಂಬಳದ ಫುಟ್ಬಾಲ್‌ಗೆ ಒಪ್ಪಿಗೆ ಸಿಕ್ಕಿತು. ಡೆ ಮುಂಕ್ ತಾಯ್ನಾಡಿಗೆ ಮರಳಿದರು, ರಾಷ್ಟ್ರೀಯ ತಂಡಕ್ಕೂ. ದೇಶಕ್ಕಾಗಿ ಒಟ್ಟು 31 ಪಂದ್ಯ ಆಡಿದರು. 1958ರಲ್ಲಿ ಉಟ್ರೆಕ್ಟ್‌ನ ಡಾಸ್ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗಲೂ ಗೋಲಿನಲ್ಲಿದ್ದವರು ಅವರೇ. 2010ರ ಡಿಸೆಂಬರ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಾನು ಬಿ.ಇ. ಓದುತ್ತಿದ್ದೆ, ಅವರ ಹೆಸರೂ ಕೇಳಿರಲಿಲ್ಲ.