ಪಂಡಿತ ಫರ್ಮಾ

ಫ್ರಾನ್ಸ್ ದೇಶದ ತುಲೂಸ್ ನಗರದ ಉಚ್ಚ ನ್ಯಾಯಸ್ಥಾನದಲ್ಲಿ ಪಿಯೆರ್ ದ ಫರ್ಮಾ ಎಂಬ ಪಂಡಿತನು 1631ರಿಂದ ಅಧಿಕಾರಿಯಾಗಿದ್ದನು. ನ್ಯಾಯನಿರ್ಣಯವು ಅವನ ವೃತ್ತಿ. ಗಣಿತವು ಬಿಡುವಿನ ವ್ಯಾಸಂಗ. ಪ್ರಾಚೀನ ಯವನ ಗಣಿತಜ್ಞನಾದ ಡಯೊಫಾಂಟಸನ ಅರಿತ್ಮೆಟಿಕಾ ಗ್ರಂಥವನ್ನು ಬಾಷೆ ಎಂಬ ವಿದ್ವಾಂಸನು ಲ್ಯಾಟಿನ್ ಅನುವಾದಸಹಿತವಾಗಿ 1621ರಲ್ಲಿ ಅಚ್ಚು ಹಾಕಿಸಿದ್ದನು. ಫರ್ಮಾ ಅದನ್ನು ಲೇಖನಿ ಹಿಡಿದೇ ಓದುತ್ತಿದ್ದನು. ಮೂಲಕಾರನು ಒಂದು ಉತ್ತರವನ್ನು ಕೊಟ್ಟು ಮುಂದೆ ಸಾಗಿದರೆ ಇವನು ಅಲ್ಲಿಯೇ ನಿಂತು, ಅಂತಹ ಉತ್ತರಗಳೆಷ್ಟು, ಎಲ್ಲಿ ಉತ್ತರವೇ ಇರಲಾರದು ಎಂದು ವಿಚಾರಿಸಿ, ಕಂಡುದನ್ನು ಪುಟದ ಅಂಚಿನಲ್ಲಿ ಬರೆದಿಡುತ್ತಿದ್ದನು.

ಒಂದು ವರ್ಗಸಂಖ್ಯೆಯನ್ನು ಎರಡು ವರ್ಗಗಳಾಗಿ ಒಡೆಯುವ ಲೆಕ್ಕದ ಬಳಿ, ಘನವನ್ನಾಗಲಿ ಅದಕ್ಕೂ ಮೇಲಣ ಘಾತಗಳನ್ನಾಗಲಿ ಹಾಗೆ ಒಡೆಯಲಾಗದೆಂದೂ, ಉಪಪತ್ತಿಯು ತನಗೆ ದೊರೆತಿದ್ದರೂ ಅಂಚು ಸಾಲದೆಂದೂ ಬರೆದನು. ಲೋಕವು ಈ ಒಂದನ್ನೇ ನೆನೆಯುತ್ತದೆ. ಆದರೆ ಪೂರ್ಣಸಂಖ್ಯೆಯ ಭುಜಗಳುಳ್ಳ ಲಂಬಕೋನ ತ್ರಿಕೋನದ ಕ್ಷೇತ್ರಫಲವು ವರ್ಗಸಂಖ್ಯೆಯಾಗಲಾರದೆಂಬುದರ ಉಪಪತ್ತಿಯನ್ನು ಅದೇ ಪುಸ್ತಕದ ಇನ್ನೊಂದು ಅಂಚಿನಲ್ಲಿ ಅವನು ಬರೆದೇ ಇಟ್ಟಿದ್ದನು. ನಾಲ್ಕನೆಯ ಘಾತದ ಮಟ್ಟಿಗೆ ಮೇಲಣ ಮಾತು ಅದರಿಂದಲೇ ಸಿದ್ಧವಾಗುತ್ತದೆ.

ಇವೆಲ್ಲವೂ ತನ್ನ ತಿಳಿವಳಿಕೆಗೆಂದು ಬರೆದುಕೊಂಡವು, ಅವನು ಪ್ರಕಟಿಸಲಿಲ್ಲ. 1665ರಲ್ಲಿ ಕಾಸ್ತ್ರ ಎಂಬ ಊರಿನಲ್ಲಿ ತೀರಿಕೊಂಡನು. ಐದು ವರ್ಷಗಳ ತರುವಾಯ ಮಗನಾದ ಸಾಮ್ಯುಯೆಲನು ಆ 48 ಟಿಪ್ಪಣಿಗಳನ್ನು ಮೂಲಗ್ರಂಥದೊಡನೆ ಅಚ್ಚು ಹಾಕಿಸಿದನು. ತಂದೆಯ ಕೈಬರಹವಿದ್ದ ಪ್ರತಿಯು ಆಮೇಲೆ ಕಾಣೆಯಾಯಿತು. ಪುತ್ರನು ಆ ಶ್ರಮವನ್ನು ವಹಿಸದಿದ್ದಲ್ಲಿ ಅಂಚಿನ ಬರಹವೂ ಅದರೊಡನೆಯೇ ಅಳಿಯುತ್ತಿದ್ದಿತು. ಅಂಚು ಸಾಲದೆಂದು ಬಿಟ್ಟ ಉಪಪತ್ತಿಯನ್ನು ಆಂಗ್ಲ ಗಣಿತಜ್ಞನಾದ ಆಂಡ್ರೂ ವೈಲ್ಸನು 1995ರಲ್ಲಿ ಪ್ರಕಟಿಸಿದನು. ಅದು ನೂರಕ್ಕೂ ಮಿಕ್ಕ ಪುಟಗಳನ್ನು ಹಿಡಿಯಿತು.