ತಪ್ಪನ್ನೊಪ್ಪಿಕೊಂಡ ಶಿವಯೋಗಿ ಸಿದ್ಧರಾಮ

ಶರಣರ ಚರಿತ್ರೆಗಳನ್ನು ಕೇಳುವಾಗ ಅವರ ಪವಾಡಗಳಿಗೆ ಬೆರಗಾಗುವುದು ಭಕ್ತರ ಸಹಜ ಸ್ವಭಾವ. ಆದರೆ ಹಗಲಿರುಳೂ ಸಂಸಾರದ ತೊಡಕುಗಳಲ್ಲಿ ಸಿಲುಕಿರುವ ಗೃಹಸ್ಥನಿಗೆ ಪವಾಡಕ್ಕಿಂತ ಹೆಚ್ಚು ಉಪಕಾರಿಯಾದ ಸಂಗತಿಯೊಂದುಂಟು. ಮಹಾತ್ಮರು ಎಲ್ಲಿ ಎಡವಿದರು, ಎಡವಿದ್ದನ್ನು ಮರೆಮಾಚದೆ ಹೇಗೆ ಒಪ್ಪಿಕೊಂಡರು ಎಂಬುದೇ ಅದು. 12ನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮೇಶ್ವರನ ಚರಿತ್ರೆ ಇದಕ್ಕೆ ಉಜ್ವಲ ನಿದರ್ಶನವಾಗಿದೆ.

ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿನ ಮುದ್ದಗೌಡ, ಸುಗ್ಗವ್ವೆಯರೆಂಬ ಸಾತ್ವಿಕ ದಂಪತಿಗಳ ಮಗನಾಗಿ ಸಿದ್ಧರಾಮನು ಜನಿಸಿದನು. ಬಾಲ್ಯದಲ್ಲಿ ಆತನು ಮಾತು ಕಡಿಮೆಯ, ತನ್ನೊಳಗೇ ಮುಳುಗಿದ ಹುಡುಗ. ನೋಡಿದವರು ಮಂದಬುದ್ಧಿಯವನೆಂದು ಬಗೆದರು. ತಂದೆ ತಾಯಿಗಳು ಚಿಂತೆಗೊಳಗಾಗಿ ಆತನನ್ನು ದನ ಕಾಯಲು ಕಳುಹಿಸಿದರು. ಒಂದು ದಿನ ಹೊಲದಲ್ಲಿ ಮಲ್ಲಯ್ಯನೆಂಬ ಜಂಗಮನು ಕಾಣಿಸಿಕೊಂಡು, ಬಾಲಕನು ಕೊಟ್ಟ ಎಳೆಯ ತೆನೆಯನ್ನು ತಿಂದು, ಮೊಸರನ್ನವನ್ನು ಬೇಡಿದನು. ಹುಡುಗನು ಓಡೋಡಿ ಮನೆಯಿಂದ ಅನ್ನವನ್ನು ತರುವಷ್ಟರಲ್ಲಿ ಜಂಗಮನು ಅದೃಶ್ಯನಾಗಿದ್ದನು. ಮಲ್ಲಯ್ಯನನ್ನು ಅರಸುತ್ತ, ಅಳುತ್ತ, ಯಾತ್ರಿಕರ ಜೊತೆಗೂಡಿ ಬಾಲಕನು ಶ್ರೀಶೈಲವನ್ನು ಸೇರಿದನು. ಅಲ್ಲಿಯೂ ತಾನು ಕಂಡ ಮಲ್ಲಯ್ಯನು ಸಿಕ್ಕದಿರಲು ಹತಾಶನಾಗಿ ಕಮರಿಗೆ ಧುಮುಕಲು ಮುಂದಾದನು. ಆಗ ಮಲ್ಲಿಕಾರ್ಜುನನು ಕೈಹಿಡಿದು ರಕ್ಷಿಸಿದನೆಂದು ರಾಘವಾಂಕ ಕವಿಯು ಸಿದ್ಧರಾಮಚಾರಿತ್ರದಲ್ಲಿ ವರ್ಣಿಸಿದ್ದಾನೆ. ಆ ಎಳೆಯ ಹೃದಯದಲ್ಲಿ ಭಕ್ತಿ ಎಷ್ಟು ತೀವ್ರವಾಗಿತ್ತೋ ದುಡುಕೂ ಅಷ್ಟೇ ತೀವ್ರವಾಗಿತ್ತು. ಈ ತೀವ್ರತೆ ಮುಂದೆಯೂ ಆತನನ್ನು ಬಿಡಲಿಲ್ಲ.

ಸೊನ್ನಲಿಗೆಗೆ ಮರಳಿದ ಸಿದ್ಧರಾಮನು ಊರನ್ನು ಎರಡನೆಯ ಶ್ರೀಶೈಲವಾಗಿಸುವ ಸಂಕಲ್ಪ ತೊಟ್ಟನು. ಗುಡಿಗಳನ್ನು ಕಟ್ಟಿಸಿದನು, 68 ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಪ್ರತೀತಿ. ಮಳೆ ಅಪರೂಪವಾದ ಆ ಬರಡು ನೆಲದಲ್ಲಿ ವಿಶಾಲವಾದ ಕೆರೆಯನ್ನು ತೋಡಿಸಿದನು. ಸಾವಿರಾರು ಭಕ್ತರು ಗುದ್ದಲಿ, ಬುಟ್ಟಿಗಳನ್ನು ಹಿಡಿದು ದುಡಿದರು. ಬಾಯಾರಿದವರಿಗೆ ನೀರು ದೊರೆಯಿತು, ಪಶುಪಕ್ಷಿಗಳು ತಣಿದವು, ಸಿದ್ಧರಾಮನ ಕೀರ್ತಿ ದೇಶದಲ್ಲೆಲ್ಲ ಹರಡಿತು. ಇವೆಲ್ಲವೂ ಲೋಕಹಿತದ ಕಾರ್ಯಗಳೇ. ಇವುಗಳಲ್ಲಿ ಕುಂದು ಹುಡುಕುವಂತಿರಲಿಲ್ಲ. ಆದರೆ ಕಟ್ಟಿದವನ ಮನದ ಮೂಲೆಯಲ್ಲಿ, ಕಟ್ಟಿದವನು ತಾನು ಎಂಬ ಭಾವವೊಂದು ಸದ್ದಿಲ್ಲದೆ ಬೇರೂರಿತ್ತು.

ಆ ಬೇರನ್ನು ಹೊರತೆಗೆದವನು ಅಲ್ಲಮಪ್ರಭು. ಪ್ರಭುಲಿಂಗಲೀಲೆಯೂ ಶೂನ್ಯಸಂಪಾದನೆಯೂ ಈ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸುತ್ತವೆ. ಕೆರೆಯ ಕೆಲಸ ನಡೆಯುತ್ತಿದ್ದ ಸ್ಥಳಕ್ಕೆ ಬಂದ ಪ್ರಭುವು, ಊರೆಲ್ಲ ಪೂಜಿಸುವ ಸಿದ್ಧರಾಮನನ್ನು ಮಣ್ಣು ಹೊರುವ ಆಳನ್ನು ಕೇಳುವಂತೆ ಏಕವಚನದಿಂದ ಕೇಳಿದನು. ಕೆಲಸಗಾರರು ಕೆರಳಿ ಕಲ್ಲೆಸೆದರು. ಸುದ್ದಿ ತಿಳಿದ ಸಿದ್ಧರಾಮನೂ ಸಂತೈಸಲು ಬರಲಿಲ್ಲ, ಕೋಪದಿಂದಲೇ ಬಂದನು. ಹಣೆಗಣ್ಣಿನ ಉರಿಯನ್ನೇ ಪ್ರಭುವಿನ ಮೇಲೆ ಬಿಟ್ಟನೆಂದೂ, ಆ ಉರಿ ಪ್ರಭುವನ್ನು ಸುಡಲಾರದೆ ಅಡಗಿತೆಂದೂ ಕಾವ್ಯಗಳು ಹೇಳುತ್ತವೆ. ಲೋಕಕ್ಕೆ ತಂಪನ್ನೆರೆಯಲು ಕೆರೆ ತೋಡಿಸುತ್ತಿದ್ದವನ ಒಡಲಲ್ಲಿ, ಒಂದೇ ಒಂದು ಕಟುನುಡಿಗೆ ಭುಗಿಲೇಳುವಷ್ಟು ಬೆಂಕಿ ಉಳಿದಿತ್ತು!

ಸಿದ್ಧರಾಮನ ನಿಜವಾದ ದೊಡ್ಡತನ ಕಾಣುವುದು ಈ ಕ್ಷಣದಲ್ಲಿ. ಸುತ್ತಲೂ ಆತನ ಭಕ್ತರೇ ನೆರೆದಿದ್ದರು. ಬಂದವನೇ ಉದ್ಧಟನೆಂದು ಹೇಳಿದ್ದರೆ ಎಲ್ಲರೂ ತಲೆದೂಗುತ್ತಿದ್ದರು. ತಾನು ಮಾಡಿದ ಪುಣ್ಯಕಾರ್ಯಗಳನ್ನು ಮುಂದಿಟ್ಟು ಕೋಪವನ್ನು ಮುಚ್ಚಿಕೊಳ್ಳಬಹುದಾಗಿತ್ತು. ಸಿದ್ಧರಾಮನು ಹಾಗೆ ಮಾಡಲಿಲ್ಲ. ತನ್ನನ್ನು ಪೂಜಿಸುವವರ ಕಣ್ಣೆದುರಿನಲ್ಲಿಯೇ ತಪ್ಪು ತನ್ನದೆಂದು ಒಪ್ಪಿ ಪ್ರಭುವಿಗೆ ಶರಣಾದನು. ಅಷ್ಟಕ್ಕೇ ನಿಲ್ಲದೆ, ಪ್ರಭುವಿನೊಡನೆ ಕಲ್ಯಾಣಕ್ಕೆ ಹೋಗಿ, ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದನು. ಕೀರ್ತಿಯ ಶಿಖರವನ್ನೇರಿದವನು ಕಿರಿಯನ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವುದು ಕೆರೆ ಕಟ್ಟುವುದಕ್ಕಿಂತ ಕಠಿನವಾದ ಕಾಯಕ. ಹೀಗೆ ಬಾಗಿದವನನ್ನೇ ಶರಣ ಪರಂಪರೆಯು ಅಲ್ಲಮ, ಚೆನ್ನಬಸವಣ್ಣರ ತರುವಾಯ ಶೂನ್ಯಸಿಂಹಾಸನದ ಮೂರನೆಯ ಅಧಿಪತಿಯೆಂದು ಗೌರವಿಸಿತು. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಆತನ ವಚನಗಳಲ್ಲಿ ಅನುಭಾವದ ಎತ್ತರದೊಡನೆ, ತನ್ನ ಮನದ ದೌರ್ಬಲ್ಯವನ್ನು ದೇವರ ಮುಂದೆ ಬಿಚ್ಚಿಡುವ ನೇರತನವೂ ಇದೆ.

ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಸಿದ್ಧರಾಮನು ತಪ್ಪನ್ನೊಪ್ಪಿಕೊಂಡನೆಂದು ಕೆರೆಯನ್ನು ಒಡೆಸಲಿಲ್ಲ. ಆ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ. ಅದರ ನಡುವೆ ಆತನ ಗುಡಿಯಿದೆ. ಮಕರ ಸಂಕ್ರಾಂತಿಯಲ್ಲಿ ಅಲ್ಲಿ ಜಾತ್ರೆ ನೆರೆಯುತ್ತದೆ. ಬಿಡಬೇಕಾದುದು ಅಹಂಕಾರವನ್ನು, ಸತ್ಕಾರ್ಯವನ್ನಲ್ಲ.

ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳಗಳ ಕಡೆಯ ಗೃಹಸ್ಥರಿಗೆ ಈ ಮಾತು ಸುಲಭವಾಗಿ ಮನಗಾಣುವಂಥದು. ದೊಡ್ಡ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಏರಿ ಹಾಕಿ, ತೂಬಿಟ್ಟು, ಮಳೆಯ ನೀರನ್ನು ಕೆರೆಗಳಲ್ಲಿ ತಡೆದು ಬಾಳಿದರು. ಕೆರೆಯನ್ನು ತುಂಬುವ ನೀರೇ ಹೂಳನ್ನೂ ಹೊತ್ತು ತರುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಹೂಳು ಬಂತೆಂದು ಅವರು ನಾಚಲಿಲ್ಲ, ಇಲ್ಲವೆಂದು ಸಾಧಿಸಲೂ ಇಲ್ಲ. ಬೇಸಗೆಯಲ್ಲಿ ಅದನ್ನು ತೆಗೆದು ಹೊಲಗಳಿಗೆ ಹೊಡೆದರು. ಕೆರೆಗೆ ಹೊರೆಯಾಗಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಯಿತು. ಮನುಷ್ಯನ ಬಾಳೂ ಹೀಗೆಯೇ. ದಾನ ಮಾಡಿದವನಿಗೆ ಹೆಸರಿನ ಆಸೆ, ದುಡಿದು ಮನೆ ಸಾಕುವವನಿಗೆ ಗದರುವ ನಾಲಗೆ, ನಿತ್ಯಪೂಜೆ ತಪ್ಪದವನಿಗೆ ನೆರೆಯವನ ಮೇಲೆ ತಾತ್ಸಾರ, ಇವೆಲ್ಲ ಒಳ್ಳೆಯ ನೀರಿನೊಡನೆಯೇ ಬಂದು ತಳದಲ್ಲಿ ಕೂರುವ ಹೂಳು. ಮುಚ್ಚಿಟ್ಟಷ್ಟೂ ಕೆರೆಯ ಆಳ ಕಡಿಮೆಯಾಗುತ್ತದೆ. ಸಂಜೆಯ ಪೂಜೆಗೆ ಕುಳಿತಾಗ ಅಂದಿನ ಒಂದು ತಪ್ಪನ್ನಾದರೂ ಲಿಂಗದ ಮುಂದೆ ಒಪ್ಪಿಕೊಂಡು, ನೊಂದವರು ಮನೆಯವರೇ ಆಗಿದ್ದರೆ ಅವರ ಮುಂದೆಯೂ ಒಪ್ಪಿಕೊಳ್ಳುವವನು ಸಿದ್ಧರಾಮನ ದಾರಿಯಲ್ಲಿ ಒಂದು ಹೆಜ್ಜೆ ನಡೆದವನೇ ಸರಿ.

ಕೆರೆ ಕಟ್ಟಿದ ಸಿದ್ಧರಾಮನಿಗೆ ಶರಣು. ತನ್ನ ಹೂಳನ್ನು ತಾನೇ ತೆಗೆದ ಸಿದ್ಧರಾಮನಿಗೆ ಶರಣು ಶರಣಾರ್ಥಿ.