ಪ್ಲೇಗಿನ ಮುಂಬಯಿಯಲ್ಲಿ ನಂಬಿಕೆ ಗಳಿಸಿದ ಹಾಫ್‌ಕಿನ್

ಊರಿನಿಂದ ಬಂದ ರೋಗಿಗಳನ್ನು ಪರೇಲಿನ ಟಾಟಾ ಅಥವಾ ಕೆ.ಇ.ಎಂ. ಆಸ್ಪತ್ರೆಗೆ ಕರೆದೊಯ್ಯುವ ಮುಂಬಯಿ ಕನ್ನಡಿಗರಿಗೆ ಹಾಫ್‌ಕಿನ್ ಸಂಸ್ಥೆಯ ಹೆಸರು ಪರಿಚಿತ. ಆದರೆ ಆ ಹೆಸರಿನ ವ್ಯಕ್ತಿ ಪಟ್ಟ ಪಾಡು ಬಲ್ಲವರು ಕಡಿಮೆ.

ವಾಲ್ಡೆಮಾರ್ ಹಾಫ್‌ಕಿನ್ ಜನಿಸಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಕುಟುಂಬದಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ 1892ರಲ್ಲಿ ಮೊದಲು ತನಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಸರಕಾರದ ಬಲವಂತದ ತಪಾಸಣೆಯಿಂದ ಜನ ಬೆದರಿದ್ದರು. ಆಸ್ಪತ್ರೆಗೆ ಒಯ್ದವರನ್ನು ಕೊಲ್ಲುತ್ತಾರೆಂಬ ಗಾಳಿಸುದ್ದಿ ಹಬ್ಬಿತ್ತು. ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದ್ದೂ ಅದೇ ವರ್ಷ. ಇಂಥ ಹೊತ್ತಿನಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ದುಡಿದು ಪ್ಲೇಗ್ ಲಸಿಕೆ ತಯಾರಿಸಿದ ಹಾಫ್‌ಕಿನ್, 1897ರ ಜನವರಿ 10ರಂದು ಅದನ್ನು ತನ್ನ ಮೈಮೇಲೇ ಪ್ರಯೋಗಿಸಿದರು. ನಂತರ ಬೈಕಲಾ ಜೈಲಿನಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿ ಲೆಕ್ಕ ಇಟ್ಟರು. ಆಗಾ ಖಾನರು ತಮ್ಮ ಅನುಯಾಯಿಗಳ ಎದುರಿನಲ್ಲೇ ಲಸಿಕೆ ಹಾಕಿಸಿಕೊಂಡರು. ಅಂದು ಮುಂಬಯಿ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ಧಾರವಾಡಗಳಿಗೂ 1898ರಲ್ಲಿ ಈ ಚುಚ್ಚುಮದ್ದು ತಲುಪಿತು.

1902ರ ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಂದೇ ಬೇರೆ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಆದರೂ ತನಿಖಾ ಆಯೋಗ ಪರೇಲಿನ ಪ್ರಯೋಗಾಲಯದ ಮೇಲೆಯೇ ತಪ್ಪು ಹೊರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು ದೇಶ ಬಿಡಬೇಕಾಯಿತು.

ಸಾಕ್ಷ್ಯಗಳನ್ನು ಮತ್ತೆ ಜಾಲಾಡಿದಾಗ ಬೇರೆಯೇ ಸಂಗತಿ ಹೊರಬಂತು. ಹಳ್ಳಿಯಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಮಾಡದೆ ಅದರಿಂದಲೇ ಬಿರಡೆ ಕಿತ್ತಿದ್ದರು. ಮಲೇರಿಯ ಸಂಶೋಧಕ ರೊನಾಲ್ಡ್ ರಾಸ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಹಾಫ್‌ಕಿನ್ ಪರ ನಿಂತರು. 1907ರಲ್ಲಿ ಸರಕಾರ ಆರೋಪದಿಂದ ಮುಕ್ತಗೊಳಿಸಿತು. ಅವರು ಮತ್ತೆ ಭಾರತಕ್ಕೆ, ಕಲ್ಕತ್ತಾಕ್ಕೆ ಮರಳಿದರೂ ಮುಂಬಯಿಯ ಹಳೆಯ ಸ್ಥಾನ ಸಿಗಲಿಲ್ಲ. ಪರೇಲಿನ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.

ಲಸಿಕೆಯನ್ನು ಜನ ನಂಬಿದ್ದು ಸರಕಾರದ ಹುಕುಮಿನಿಂದಲ್ಲ. ಮೊದಲು ತನ್ನ ತೋಳು ಒಡ್ಡಿದ, ಲೆಕ್ಕವನ್ನು ಮುಂದಿಟ್ಟ ತಜ್ಞನನ್ನು ನೋಡಿ. ಆ ತಜ್ಞನನ್ನೇ ಅಪರಾಧಿಯೆಂದವರೂ ತಜ್ಞರೇ. ಆ ತಪ್ಪನ್ನು ತಿದ್ದಿದವರೂ ತಜ್ಞರೇ. ಕಣ್ಣುಮುಚ್ಚಿ ನಂಬುವುದೂ ಬೇಡ, ಗಾಳಿಸುದ್ದಿಗೆ ಬೆದರುವುದೂ ಬೇಡ. ಪುರಾವೆ ಏನೆಂದು ಕೇಳುವ ಹಕ್ಕು ಮಾತ್ರ ಎಲ್ಲರದು.